ಅಂಶ ಕೆಟ್ಟರೆ ವ್ರತ ಕೆಟ್ಟಿತೇ?

ಅನಂತನ ನೋಂಪಿಯನ್ನು ಹಿಡಿದ ಗೃಹಿಣಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. 14 ವರ್ಷಗಳ ನೋಂಪಿಯಲ್ಲಿ 8 ವರ್ಷಗಳು ನಿರ್ವಿಘ್ನವಾಗಿ ಕಳೆದಿವೆ. 9ನೆಯ ವರ್ಷದ ಭಾದ್ರಪದ ಶುಕ್ಲ ಚತುರ್ದಶಿಯಂದು ಬೆಳಿಗ್ಗೆ ಬಸದಿಗೆ ಹೋಗಿ, ಅಭಿಷೇಕವನ್ನು ನೋಡಿ, ಗಂಧೋದಕವನ್ನು ಶಿರಸಾ ಧರಿಸಿ, ಉಪವಾಸದ ಪ್ರತ್ಯಾಖ್ಯಾನವನ್ನು ಕೈಕೊಂಡು, 14 ಗಂಟುಗಳ ಅನಂತನ ದಾರವನ್ನು ಕಟ್ಟಿಸಿಕೊಂಡು ಮನೆಗೆ ಬಂದಿದ್ದಾಳೆ. ಸಂಜೆಗೆ ಜ್ವರವೇರುತ್ತದೆ, ರಾತ್ರಿ ಮೈಮೇಲೆ ಎಚ್ಚರವಿಲ್ಲ. ಗಾಬರಿಗೊಂಡ ಸೊಸೆ ವೈದ್ಯರನ್ನು ಕರೆಸಿ, ಅವರು ಹೇಳಿದಂತೆ ಔಷಧವನ್ನು ಹಾಲಿನೊಡನೆ ಕುಡಿಸುತ್ತಾಳೆ. ಮರುದಿನ ಎಚ್ಚರವಾದ ಮೇಲೆ ವಿಷಯ ತಿಳಿದ ಆ ತಾಯಿ ತಲೆಯ ಮೇಲೆ ಕೈಹೊತ್ತು ಕುಳಿತುಬಿಡುತ್ತಾಳೆ. ಮೂರು ದಿನ ಸೊಸೆಯೊಡನೆ ಮಾತಿಲ್ಲ.

ನೋಡಲು ಬಂದ ಹಿರಿಯ ನಾದಿನಿ, “ನೋಂಪಿ ಮುರಿದುಹೋಯಿತು ಅತ್ತಿಗೆ, ಇನ್ನು ಮೊದಲ ವರ್ಷದಿಂದಲೇ ಹಿಡಿಯಬೇಕು” ಎನ್ನುತ್ತಾಳೆ. ತಮ್ಮನಾದವನು, “ಅಕ್ಕಾ, ಎಂಟು ವರ್ಷ ಮಾಡಿದ್ದು ಎಂಟು ವರ್ಷವೇ. ಒಂದು ಹೋದರೆ ಒಂದು ಹೋಯಿತು. ಅದಕ್ಕೇಕೆ ಇಷ್ಟು ವ್ಯಥೆ?” ಎನ್ನುತ್ತಾನೆ. ಇಬ್ಬರೂ ಪ್ರೀತಿಯಿಂದಲೇ ನುಡಿದವರು. ಇಬ್ಬರ ಮಾತಿನಿಂದಲೂ ಆಕೆಗೆ ಸಮಾಧಾನವಾಗುವುದಿಲ್ಲ.

ಇಂತಹ ಪ್ರಸಂಗಗಳು ವ್ರತಿಗಳ ಮನೆಗಳಲ್ಲಿ ಅಪರೂಪವಲ್ಲ. ದಶಲಕ್ಷಣ ಪರ್ವದ ಏಳನೆಯ ದಿನ ಅರಿವಿಲ್ಲದೆ ನೀರು ಕುಡಿದವರು, ಅಷ್ಟಾಹ್ನಿಕದ ನಡುವೆ ಸೂತಕ ಬಂದವರು, ಅಷ್ಟಮಿ ಚತುರ್ದಶಿಗಳ ಪ್ರೋಷಧವನ್ನು ವಯಸ್ಸಿನ ಕಾರಣದಿಂದ ನಡುವೆ ಬಿಟ್ಟವರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆಯನ್ನು. ಒಂದು ಅಂಶ ಕೆಟ್ಟರೆ ಇಡಿಯಾದದ್ದು ಕೆಟ್ಟಿತೆ? ಇದು ಕೇವಲ ಆಚಾರದ ಪ್ರಶ್ನೆಯೆಂದು ತೋರಿದರೂ ಇದರ ಬೇರು ದರ್ಶನಶಾಸ್ತ್ರದಲ್ಲಿದೆ. ಅವಯವಗಳಿಗೂ ಅವಯವಿಗೂ, ಅಂಶಗಳಿಗೂ ಅಂಶಿಗೂ ಇರುವ ಸಂಬಂಧವೇನೆಂದು ಭಾರತದ ತಾರ್ಕಿಕರು ಸಾವಿರ ವರ್ಷಗಳಿಗೂ ಮಿಗಿಲಾಗಿ ವಾದಿಸಿದರು. ನಾದಿನಿಯೂ ತಮ್ಮನೂ ಆ ವಾದದ ಎರಡು ಪಕ್ಷಗಳನ್ನು ತಮಗೆ ಅರಿವಿಲ್ಲದೆಯೇ ಹಿಡಿದು ನಿಂತಿದ್ದಾರೆ.

ವೈಶೇಷಿಕರ ಮತದಲ್ಲಿ ನೂಲುಗಳು ಬೇರೆ, ಬಟ್ಟೆ ಬೇರೆ. ನೂಲುಗಳು ಸೇರಿದಾಗ ಬಟ್ಟೆಯೆಂಬ ಹೊಸದೊಂದು ದ್ರವ್ಯ ಹುಟ್ಟಿ, ಸಮವಾಯವೆಂಬ ಸಂಬಂಧದಿಂದ ಆ ನೂಲುಗಳಲ್ಲಿ ನೆಲೆಸುತ್ತದೆ. ಆ ಬಟ್ಟೆಯಿಂದ ಒಂದು ನೂಲನ್ನು ಎಳೆದು ತೆಗೆದರೆ ಏನಾಗುತ್ತದೆ? ಅವರ ಉತ್ತರ ಕೇಳುವವರಿಗೆ ವಿಚಿತ್ರವೆನಿಸಿದರೂ ಅವರ ಸಿದ್ಧಾಂತಕ್ಕೆ ತಕ್ಕದ್ದೇ ಆಗಿದೆ: ಹಳೆಯ ಬಟ್ಟೆ ನಾಶವಾಯಿತು, ಉಳಿದ ನೂಲುಗಳಲ್ಲಿ ‘ಖಂಡಪಟ’ವೆಂಬ ಬೇರೊಂದು ಬಟ್ಟೆ ಹುಟ್ಟಿತು. ಮೊದಲಿನಿಂದ ಹಿಡಿಯಬೇಕೆಂಬ ನಾದಿನಿಯ ನಿರ್ಣಯ ಇದೇ ಜಾಡಿನದು. ವ್ರತವೆಂಬುದು ದಿನಗಳಿಂದಲೂ ವರ್ಷಗಳಿಂದಲೂ ಬೇರೆಯಾದ ಒಂದು ಪದಾರ್ಥ. ಒಂದೆಡೆ ಬಿರಿದರೆ ಆ ಪದಾರ್ಥವೇ ಇಲ್ಲವಾಯಿತು. ಮುಂದೆ ಮಾಡುವುದೆಲ್ಲ ಬೇರೊಂದು ವ್ರತವೇ ಹೊರತು ಆ ವ್ರತವಲ್ಲ.

ಬೌದ್ಧರು ಇದಕ್ಕೆ ವಿರುದ್ಧವಾಗಿ ನಡೆದರು. ನಾಗಸೇನನು ಮಿಲಿಂದ ರಾಜನಿಗೆ ರಥದ ದೃಷ್ಟಾಂತವನ್ನು ಹೇಳಿದ ಪ್ರಸಂಗ ಪ್ರಸಿದ್ಧವಾದುದು. ಅಚ್ಚು, ಗಾಲಿ, ನೊಗಗಳನ್ನು ಒಂದೊಂದಾಗಿ ಹುಡುಕಿದರೆ ರಥವೆಂಬುದು ಎಲ್ಲಿಯೂ ಸಿಕ್ಕದು; ಅವುಗಳ ಕೂಟಕ್ಕೆ ಇಟ್ಟ ಹೆಸರೇ ರಥ. ಮುಂದಿನ ಬೌದ್ಧ ತಾರ್ಕಿಕರು ಇನ್ನೂ ಮುಂದೆ ಹೋಗಿ, ಅವಯವಿಯೆಂಬುದು ಬುದ್ಧಿಯ ಕಲ್ಪನೆಯೇ ಹೊರತು ವಸ್ತುವಲ್ಲವೆಂದರು. ತಮ್ಮನ ಸಮಾಧಾನ ಈ ದಾರಿಯದು. ಅವನ ಎಣಿಕೆಯಲ್ಲಿ ನೋಂಪಿಯೆಂಬುದು 14 ಉಪವಾಸಗಳ ರಾಶಿ. ಒಂದು ಕಡಿಮೆಯಾದರೆ 13 ಉಳಿದವು. ಲೆಕ್ಕ ಸರಿಯಾಗಿದೆ. ಆದರೆ ಹಾಗೆ ಲೆಕ್ಕ ಹಾಕುವವನಿಗೆ ‘ವ್ರತ’ ಎಂಬ ಮಾತೇ ಬೇಕಾಗಿಲ್ಲ.

ಸ್ವಾಮಿ ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಈ ಎರಡು ಏಕಾಂತಗಳನ್ನೂ ಪರೀಕ್ಷಿಸಿದ್ದಾರೆ. ಅವಯವಿಯು ಅವಯವಗಳಿಂದ ಸರ್ವಥಾ ಭಿನ್ನವಾದರೆ ಅದು ಅವುಗಳಲ್ಲಿ ಇರುವ ಬಗೆ ಹೇಗೆ? ಒಂದೊಂದು ನೂಲಿನಲ್ಲಿಯೂ ಬಟ್ಟೆ ಪೂರ್ಣವಾಗಿ ಇದ್ದರೆ ನೂಲುಗಳೆಷ್ಟೋ ಬಟ್ಟೆಗಳೂ ಅಷ್ಟೇ ಆಗಬೇಕು. ಭಾಗಭಾಗವಾಗಿ ಇದ್ದರೆ, ಒಂದೇ ಆದ ಬಟ್ಟೆಗೆ ನೂಲುಗಳಲ್ಲದೆ ಬೇರೆ ಭಾಗಗಳಿವೆಯೆಂದಾಯಿತು. ಆ ಭಾಗಗಳಲ್ಲಿ ಅದು ಹೇಗಿದೆಯೆಂಬ ಪ್ರಶ್ನೆ ಮತ್ತೆ ಏಳುತ್ತದೆ. ಸಮವಾಯ ಜೋಡಿಸುತ್ತದೆ ಎಂದರೆ, ಆ ಸಮವಾಯವನ್ನು ಅವೆರಡಕ್ಕೂ ಜೋಡಿಸುವುದಾವುದು? ಇನ್ನೊಂದೆಡೆ, ಪರಮಾಣುಗಳು ಕೂಡಿದ ಮೇಲೂ ಮೊದಲಿನಂತೆಯೇ ಬಿಡಿಬಿಡಿಯಾಗಿ ಉಳಿಯುತ್ತವೆ ಎಂಬ ಪಕ್ಷದಲ್ಲಿ ಕಣ್ಣೆದುರಿನ ಭೂಮಿ ನೀರು ಮೊದಲಾದ ಭೂತಗಳೇ ಭ್ರಾಂತಿಯಾಗಿಬಿಡುತ್ತವೆ. ಕಾರ್ಯ ಭ್ರಾಂತಿಯಾದರೆ, ಕಾರ್ಯದಿಂದಲೇ ಊಹಿಸಬೇಕಾದ ಅಣುವೂ ಭ್ರಾಂತಿಯೇ. ಕೊಡ ನೀರನ್ನು ಹಿಡಿಯುತ್ತದೆ; ಬಿಡಿ ಕಣಗಳು ಹಿಡಿಯಲಾರವು. ಈ ಸಾಮಾನ್ಯ ಅನುಭವವನ್ನು ತಳ್ಳಿಹಾಕುವ ತರ್ಕ ಎಷ್ಟು ಸೂಕ್ಷ್ಮವಾಗಿದ್ದರೂ ಗೃಹಸ್ಥನಿಗೆ ಉಪಯೋಗಕ್ಕೆ ಬಾರದು.

ಜೈನಾಚಾರ್ಯರ ಉತ್ತರವೇನು? ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯದಲ್ಲಿ ಪುದ್ಗಲವು ಅಣು ಮತ್ತು ಸ್ಕಂಧವೆಂದು ಎರಡು ಬಗೆಯೆಂದು ಹೇಳಿದೆ. ಸ್ಕಂಧಗಳು ಭೇದದಿಂದಲೂ ಸಂಘಾತದಿಂದಲೂ ಹುಟ್ಟುತ್ತವೆ; ಅಣುವು ಭೇದದಿಂದ ಮಾತ್ರ. ಸ್ನಿಗ್ಧತ್ವ ರೂಕ್ಷತ್ವಗಳ ಕಾರಣದಿಂದ ಬಂಧವಾಗುತ್ತದೆ. ಹೀಗೆ ಬಂಧವಾದಾಗ ಹೆಚ್ಚು ಗುಣವುಳ್ಳದ್ದು ಕಡಿಮೆ ಗುಣವುಳ್ಳದ್ದನ್ನು ತನ್ನಂತೆ ಪರಿಣಮಿಸಿಕೊಳ್ಳುತ್ತದೆ. ಇದನ್ನು ವಿವರಿಸುವಾಗ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅಡುಗೆಮನೆಯ ದೃಷ್ಟಾಂತವೊಂದನ್ನು ಕೊಟ್ಟಿದ್ದಾರೆ. ನೀರೊಡೆದ ಹಸಿ ಬೆಲ್ಲಕ್ಕೆ ಧೂಳು ಬಿದ್ದರೆ ಬೆಲ್ಲವು ಆ ಧೂಳಿಗೂ ತನ್ನ ಸಿಹಿಯನ್ನು ಕೊಡುತ್ತದೆ. ಹಾಗಲ್ಲದೆ ಬರಿಯ ಸಂಯೋಗ ಮಾತ್ರವಾಗಿದ್ದರೆ, ಬಿಳಿಯ ನೂಲೂ ಕರಿಯ ನೂಲೂ ಪಕ್ಕಪಕ್ಕದಲ್ಲಿದ್ದೂ ಬಿಳಿಯದು ಬಿಳಿಯದಾಗಿ ಕರಿಯದು ಕರಿಯದಾಗಿಯೇ ಉಳಿಯುವಂತೆ, ಎಲ್ಲವೂ ಬೇರೆಬೇರೆಯಾಗಿಯೇ ನಿಲ್ಲಬೇಕಾಗಿತ್ತು.

ಈ ದೃಷ್ಟಾಂತದ ಮಹತ್ತ್ವವನ್ನು ತುಸು ನಿಂತು ನೋಡುವುದು ಒಳ್ಳೆಯದು. ಉಳಿದ ದರ್ಶನಗಳೆಲ್ಲ ಬಟ್ಟೆ-ನೂಲುಗಳ ಸುತ್ತಲೇ ತಿರುಗಿದವು. ಬಟ್ಟೆಯಲ್ಲಿ ನೂಲುಗಳು ಎಣಿಕೆಗೆ ಸಿಕ್ಕುತ್ತವೆ. ಒಂದನ್ನು ಎಳೆದರೆ ಹೊರಬರುತ್ತದೆ. ಆದುದರಿಂದ ಬಟ್ಟೆ ನೂಲುಗಳಿಂದ ಬೇರೆಯೋ ಅಲ್ಲವೋ ಎಂಬ ಜಗಳಕ್ಕೆ ಅಲ್ಲಿ ಎಡೆಯಿದೆ. ಬೆಲ್ಲದ ಅಚ್ಚಿನಲ್ಲಿ ಯಾವ ಹನಿ ಯಾವ ಕಬ್ಬಿನದೆಂದು ಎಣಿಸುವವರಾರು? ಅಲ್ಲಿ ಅಂಶಗಳು ಅಂಶಿಯಾಗಿ ಪರಿಣಮಿಸಿವೆ. ಅಂಶವಿಲ್ಲದೆ ಅಂಶಿಯಿಲ್ಲ, ಆದುದರಿಂದ ಕಥಂಚಿತ್ ಅಭಿನ್ನ; ಒಂದು ಅಂಶವೇ ಅಂಶಿಯಲ್ಲ, ಆದುದರಿಂದ ಕಥಂಚಿತ್ ಭಿನ್ನ. ದ್ರವ್ಯದೃಷ್ಟಿಯಿಂದ ಒಂದು, ಪರ್ಯಾಯದೃಷ್ಟಿಯಿಂದ ಅನೇಕ. ಅನೇಕಾಂತದ ಈ ಮಾತನ್ನು ಎರಡೂ ಕಡೆಯವರನ್ನು ಮೆಚ್ಚಿಸುವ ಜಾಣ್ಮೆಯೆಂದು ಹಳಿಯುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅದು ಜಾಣ್ಮೆಯೋ ನಿಜವೋ ಎಂಬುದು ವ್ರತದ ವಿಷಯಕ್ಕೆ ಬಂದಾಗ ಸ್ಪಷ್ಟವಾಗುತ್ತದೆ.

ವ್ರತವು ಒಂದೋ ಅನೇಕವೋ? 7ನೆಯ ಅಧ್ಯಾಯದ ಮೊದಲ ಸೂತ್ರದಲ್ಲಿ ಹಿಂಸೆ, ಅಸತ್ಯ, ಕಳವು, ಅಬ್ರಹ್ಮ, ಪರಿಗ್ರಹಗಳಿಂದ ವಿರತಿಯೇ ವ್ರತವೆಂದು ಹೇಳಿದೆ. ಅದರ ಮೇಲೆ ಪೂಜ್ಯಪಾದರು ಸಕಲ ಸಾವದ್ಯದಿಂದ ನಿವೃತ್ತಿಯೆಂಬ ಸಾಮಾಯಿಕದ ಅಪೇಕ್ಷೆಯಿಂದ ವ್ರತವು ಒಂದೇ. ಅದೇ ಛೇದೋಪಸ್ಥಾಪನೆಯ ಅಪೇಕ್ಷೆಯಿಂದ ಐದು ಎಂದು ನಿರ್ಣಯಿಸಿದ್ದಾರೆ. ಅಹಿಂಸೆಯನ್ನು ಮೊದಲಿಟ್ಟದ್ದು ಅದು ಪ್ರಧಾನವಾದುದರಿಂದ. ಸತ್ಯಾದಿಗಳು ಪೈರಿನ ಸುತ್ತ ಹಾಕಿದ ಬೇಲಿಯಂತೆ ಅದನ್ನು ಕಾಯುವುದಕ್ಕಾಗಿ ಇವೆ. ಅಮೃತಚಂದ್ರಸೂರಿಗಳೂ ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಆತ್ಮಪರಿಣಾಮವನ್ನು ಕೆಡಿಸುವ ಕಾರಣ ಇವೆಲ್ಲವೂ ಹಿಂಸೆಯೇ. ಅಸತ್ಯಾದಿಗಳನ್ನು ಬೇರೆಯಾಗಿ ಹೇಳಿದ್ದು ಶಿಷ್ಯರ ತಿಳಿವಿಗಾಗಿ ಎಂದಿದ್ದಾರೆ. ಎಂದ ಮೇಲೆ ಐದು ವ್ರತಗಳು ಐದು ಬಿಡಿ ಇಟ್ಟಿಗೆಗಳಲ್ಲ. ಒಂದೇ ವಿರತಿ ಐದು ಕಡೆ ತೋರಿಕೊಳ್ಳುತ್ತದೆ.

‘ಛೇದೋಪಸ್ಥಾಪನೆ’ ಎಂಬ ಶಬ್ದವನ್ನು ಇಲ್ಲಿ ಕೈಬಿಡುವಂತಿಲ್ಲ. 9ನೆಯ ಅಧ್ಯಾಯದಲ್ಲಿ ಚಾರಿತ್ರದ ಭೇದಗಳನ್ನು ಹೇಳುವಾಗ ಈ ಶಬ್ದಕ್ಕೆ ಸರ್ವಾರ್ಥಸಿದ್ಧಿಯಲ್ಲಿ ಎರಡು ಅರ್ಥಗಳು ಬಂದಿವೆ. ಪ್ರಮಾದದಿಂದ ವ್ರತವು ಲೋಪವಾದಾಗ ಅದನ್ನು ಮತ್ತೆ ಸರಿಪಡಿಸಿ ನೆಲೆಗೊಳಿಸುವುದು ಒಂದು. ಒಂದಾದ ನಿವೃತ್ತಿಯನ್ನು ವಿಕಲ್ಪಗಳಾಗಿ ವಿಂಗಡಿಸಿ ಪಾಲಿಸುವುದು ಇನ್ನೊಂದು. ಇಡಿಯದನ್ನು ಅಂಶಗಳಾಗಿ ಮಾಡುವುದಕ್ಕೂ ಮುರಿದದ್ದನ್ನು ಕೂಡಿಸುವುದಕ್ಕೂ ಒಂದೇ ಹೆಸರು! ಇದು ಶಬ್ದದ ಆಕಸ್ಮಿಕವೆಂದು ತೋರುವುದಿಲ್ಲ. ಅಂಶಗಳಿರುವುದರಿಂದಲೇ ಲೋಪವು ಒಂದೆಡೆ ನಿಲ್ಲುತ್ತದೆ, ಎಲ್ಲಿ ಲೋಪವಾಯಿತೆಂದು ತಿಳಿಯುತ್ತದೆ, ಅಲ್ಲಿಯೇ ಅದನ್ನು ಸರಿಪಡಿಸಲು ಬರುತ್ತದೆ. ಅಂಶಗಳಿಲ್ಲದ ಇಡಿಯದು ಒಡೆದರೆ ಪೂರ್ಣವಾಗಿಯೇ ಒಡೆಯಬೇಕು.

ಅಣುವ್ರತ ಮಹಾವ್ರತಗಳೆಂಬ ಭೇದವೂ ದೇಶ-ಸರ್ವಗಳ ಭೇದವೇ, ಅಂದರೆ ಭಾಗ ಮತ್ತು ಪೂರ್ಣಗಳ ಭೇದವೇ. 5ನೆಯ ಗುಣಸ್ಥಾನದ ಶ್ರಾವಕನಿಗೆ ಆಗಮದಲ್ಲಿ ‘ಸಂಯತಾಸಂಯತ’ನೆಂದು ಹೆಸರು. ಒಬ್ಬನೇ ಜೀವನು ಏಕಕಾಲದಲ್ಲಿ ಸಂಯತನೂ ಅಸಂಯತನೂ ಆಗುವುದು ಹೇಗೆ? ತ್ರಸಜೀವಗಳ ಹಿಂಸೆಯ ವಿಷಯದಲ್ಲಿ ವಿರತಿಯಿದೆ, ಸ್ಥಾವರಗಳ ವಿಷಯದಲ್ಲಿ ಇಲ್ಲ, ಆದುದರಿಂದ ವಿರೋಧವಿಲ್ಲ. ‘ಪೂರ್ಣವಲ್ಲದ್ದು ಶೂನ್ಯ’ವೆಂಬ ನಿಯಮವಿದ್ದಿದ್ದರೆ ಗೃಹಸ್ಥಧರ್ಮವೆಂಬುದೇ ಇರುತ್ತಿರಲಿಲ್ಲ. ವಿದ್ಯಾನಂದರು ತತ್ತ್ವಾರ್ಥಶ್ಲೋಕವಾರ್ತಿಕದಲ್ಲಿ ನಯವು ಪ್ರಮಾಣವೋ ಅಪ್ರಮಾಣವೋ ಎಂಬ ಪ್ರಶ್ನೆಗೆ, ಸಮುದ್ರದ ಒಂದಂಶವು ಸಮುದ್ರವೂ ಅಲ್ಲ, ಅಸಮುದ್ರವೂ ಅಲ್ಲ, ಸಮುದ್ರದ ಅಂಶ ಎಂಬ ದೃಷ್ಟಾಂತದಿಂದ ಉತ್ತರಿಸಿದ್ದಾರೆ. ಅದು ಜ್ಞಾನದ ವಿಷಯದಲ್ಲಿ ಹೇಳಿದ ಮಾತು. ಅಣುವ್ರತಕ್ಕೂ ಅದು ಸಲ್ಲುತ್ತದೆ ಎಂದರೆ ತಪ್ಪಾಗದು.

ಇಷ್ಟಕ್ಕೇ ಮುಗಿದಿದ್ದರೆ ತಮ್ಮನ ಪಕ್ಷ ಗೆದ್ದಂತೆ. ಆದರೆ ಇದಕ್ಕೆ ಎದುರಾಗಿ ನಿಲ್ಲುವ ಆಚಾರ್ಯವಚನಗಳೂ ಇವೆ. ಅವುಗಳನ್ನು ಮರೆಮಾಚುವುದು ಸರಿಯಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರರು ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಹೇಳಿ, ಅಂಗಹೀನವಾದ ದರ್ಶನವು ಭವಪರಂಪರೆಯನ್ನು ಕಡಿಯಲಾರದು ಎಂದು ಖಂಡಿತವಾಗಿ ನುಡಿದಿದ್ದಾರೆ. ಅಕ್ಷರವೊಂದು ಕಡಿಮೆಯಾದ ಮಂತ್ರ ವಿಷದ ಬಾಧೆಯನ್ನು ಹೋಗಲಾಡಿಸಲಾರದೆಂಬುದು ಅವರ ದೃಷ್ಟಾಂತ. ತತ್ತ್ವಾರ್ಥಸೂತ್ರದ ಮೊದಲ ಸೂತ್ರದಲ್ಲಿಯೂ ದರ್ಶನ ಜ್ಞಾನ ಚಾರಿತ್ರಗಳೆಂಬ ಮೂರನ್ನು ಬಹುವಚನದಲ್ಲಿ ಹೇಳಿ ‘ಮಾರ್ಗ’ವೆಂಬುದನ್ನು ಏಕವಚನದಲ್ಲಿ ಇಟ್ಟಿದೆ. ಮೂರೂ ಕೂಡಿದರೆ ಒಂದು ಮಾರ್ಗ, ಬಿಡಿಬಿಡಿಯಾಗಿ ಮೂರು ಮಾರ್ಗಗಳಲ್ಲ ಎಂಬುದನ್ನು ಆ ಏಕವಚನ ತಿಳಿಸುತ್ತದೆಂದು ಪೂಜ್ಯಪಾದರು ತೋರಿಸಿದ್ದಾರೆ. ಔಷಧವನ್ನು ಬಲ್ಲವನು, ನಂಬಿದವನು, ಸೇವಿಸಿದವನು ಒಬ್ಬನೇ ಆಗಿದ್ದರೆ ಮಾತ್ರ ರೋಗ ಹೋಗುತ್ತದೆ.

ಇನ್ನೂ ಕಠಿನವಾದ ಮಾತು ‘ನಿಃಶಲ್ಯನೇ ವ್ರತಿ’ ಎಂಬರ್ಥದ ಸೂತ್ರದ ಮೇಲಿದೆ. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಮುಳ್ಳುಗಳು ಚುಚ್ಚಿಕೊಂಡಿರುವವನು ವ್ರತಗಳನ್ನು ಹಿಡಿದಿದ್ದರೂ ವ್ರತಿಯಲ್ಲ. ಬಹಳ ಹಾಲು ತುಪ್ಪಗಳು ಉಳ್ಳವನನ್ನು ಲೋಕದಲ್ಲಿ ಗೋಮಂತನೆಂದು ಕರೆಯುತ್ತಾರೆ. ಹಸುಗಳಿದ್ದೂ ಹಾಲಿಲ್ಲದವನನ್ನು ಹಾಗೆ ಕರೆಯುವುದಿಲ್ಲ. ಇಲ್ಲಿ ಅಂಶಗಳೆಲ್ಲವೂ ಇವೆ, ಒಂದೂ ಕಡಿಮೆಯಾಗಿಲ್ಲ, ಆದರೂ ಅಂಶಿಯಿಲ್ಲ. 14 ಉಪವಾಸಗಳನ್ನು ಒಂದು ಹನಿ ನೀರೂ ಇಲ್ಲದೆ ಮುಗಿಸಿ, ಮಗನಿಗೆ ಒಳ್ಳೆಯ ಸಂಬಂಧ ಕೂಡಿಬರಲಿ ಎಂಬ ನಿದಾನದಲ್ಲಿಯೇ ಮನಸ್ಸನ್ನಿಟ್ಟವರ ನೋಂಪಿಯನ್ನು ಏನೆಂದು ಕರೆಯಬೇಕು? ಹಸುಗಳ ಲೆಕ್ಕ ಸರಿಯಾಗಿದೆ.

ಹೀಗೆ ಒಂದೆಡೆ ಅಂಶವೊಂದು ಕೊರೆಯಾದರೆ ಇಡಿಯದು ನಿಷ್ಫಲ, ಇನ್ನೊಂದೆಡೆ ಅಂಶಮಾತ್ರದ ವಿರತಿಗೂ ಬೆಲೆ. ಪುರುಷಾರ್ಥಸಿದ್ಧ್ಯುಪಾಯದ ಕೊನೆಯ ಭಾಗದಲ್ಲಿ ಅಮೃತಚಂದ್ರರು ಯಾವ ಅಂಶದಲ್ಲಿ ರತ್ನತ್ರಯವಿದೆಯೋ ಆ ಅಂಶದಲ್ಲಿ ಬಂಧವಿಲ್ಲ, ಯಾವ ಅಂಶದಲ್ಲಿ ರಾಗವಿದೆಯೋ ಆ ಅಂಶದಲ್ಲಿ ಬಂಧವಿದೆ ಎಂದು ಅಳೆದಿಟ್ಟಂತೆ ಹೇಳಿದ್ದಾರೆ. ಈ ಎರಡು ಬಗೆಯ ಮಾತುಗಳನ್ನು ಹೊಂದಿಸುವುದು ಹೇಗೆ? ಸಮಾನವಾದ ಅಂಶಗಳೆಂದು ಭಾವಿಸುವುದರಿಂದಲೇ ತೊಡಕು ಹುಟ್ಟುತ್ತದೆಂದು ತೋರುತ್ತದೆ. ಮರಕ್ಕೆ ಕೊಂಬೆಯೂ ಅಂಶ, ಬೇರೂ ಅಂಶ. ಕೊಂಬೆ ಕಡಿದರೆ ಮರ ಉಳಿಯುತ್ತದೆ. ಬೇರು ಕಡಿದರೆ ಕೊಂಬೆಗಳೆಲ್ಲ ಹಸಿರಾಗಿ ಕಂಡರೂ ಅದು ನಾಲ್ಕು ದಿನದ ಹಸಿರು. ವ್ರತದಲ್ಲಿ ಬೇರು ಯಾವುದು, ಕೊಂಬೆ ಯಾವುದು ಎಂಬುದೇ ಈಗ ಉಳಿದ ಪ್ರಶ್ನೆ.

ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟವರು 13ನೆಯ ಶತಮಾನದ ಪಂಡಿತ ಆಶಾಧರರು. ಧಾರಾನಗರದ ಸಮೀಪದ ನಲಕಚ್ಛಪುರದಲ್ಲಿದ್ದ ಅವರು ಮುನಿಗಳಲ್ಲ, ಗೃಹಸ್ಥರು. ಗೃಹಸ್ಥರ ಇಕ್ಕಟ್ಟುಗಳನ್ನು ಒಳಗಿನಿಂದ ಬಲ್ಲವರು. ಸಾಗಾರಧರ್ಮಾಮೃತದಲ್ಲಿ ಅವರು ಅತಿಚಾರದ ಲಕ್ಷಣವನ್ನು ಅಂಶದ ಮಾತಿನಿಂದಲೇ ಹೇಳಿದ್ದಾರೆ: ವ್ರತದಲ್ಲಿ ಅಪೇಕ್ಷೆಯಿರುವವನಿಂದ ಆಗುವ ಅಂಶಭಂಗವೇ ಅತಿಚಾರ. ಅಪೇಕ್ಷೆಯೆಂದರೆ ಇಲ್ಲಿ ಫಲದ ಆಸೆಯಲ್ಲ. ‘ಇದು ನಾನು ಹಿಡಿದದ್ದು, ಇದನ್ನು ಕಾಯಬೇಕು’ ಎಂಬ ಆದರ. ಆ ಆದರ ಹೋದ ಮೇಲೆ ಆಗುವುದು ಭಂಗ.

ಅಹಿಂಸಾಣುವ್ರತದ ಅತಿಚಾರಗಳು ಐದು: ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಅತಿಯಾದ ಹೊರೆ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಇದಕ್ಕೊಂದು ಆಕ್ಷೇಪವುಂಟು. ಶ್ರಾವಕನು ಬಿಟ್ಟದ್ದು ಕೊಲ್ಲುವುದನ್ನು, ಕಟ್ಟುವುದನ್ನಲ್ಲ. ಕಟ್ಟಿದರೆ ವ್ರತಕ್ಕೆ ಏನಾಯಿತು? ಏನೂ ಆಗಲಿಲ್ಲವೆಂದರೆ ದೋಷವಿಲ್ಲ; ಆಯಿತೆಂದರೆ ಭಂಗವೇ ಆಯಿತು; ನಡುವೆ ಅತಿಚಾರವೆಲ್ಲಿಯದು? ಉತ್ತರವಿದು. ವ್ರತಕ್ಕೆ ಒಳಗಿನದೆಂದೂ ಹೊರಗಿನದೆಂದೂ ಎರಡು ಅಂಶಗಳು. ಕೋಪದ ಆವೇಶದಲ್ಲಿ, ಸತ್ತರೂ ಸಾಯಲಿ ಎಂಬಂತೆ ಎತ್ತನ್ನು ಹೊಡೆದವನ ಕೈಯಲ್ಲಿ ಎತ್ತು ಸಾಯದೆ ಉಳಿದರೆ, ದಯೆ ಹೋದುದರಿಂದ ಒಳಗಿನ ವ್ರತ ಮುರಿಯಿತು, ಪ್ರಾಣ ಉಳಿದುದರಿಂದ ಹೊರಗಿನ ವ್ರತ ಉಳಿಯಿತು. ಒಂದಂಶ ಭಂಗ, ಒಂದಂಶ ಅಭಂಗ, ಇದೇ ಅತಿಚಾರ. ಅಮಿತಗತಿ ಆಚಾರ್ಯರು ಇದನ್ನೇ ನಾಲ್ಕು ಮೆಟ್ಟಿಲುಗಳಾಗಿ ಬಿಡಿಸಿದ್ದಾರೆ: ಮನಶ್ಶುದ್ಧಿ ಕೆಡುವುದು ಅತಿಕ್ರಮ, ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ, ವಿಷಯದಲ್ಲಿ ತೊಡಗುವುದು ಅತಿಚಾರ, ಅದರಲ್ಲಿ ಅತ್ಯಾಸಕ್ತಿಯಿಂದ ಮುಳುಗುವುದು ಅನಾಚಾರ. ಮೊದಲ ಮೆಟ್ಟಿಲು ಯಾರ ಕಣ್ಣಿಗೂ ಕಾಣುವುದಿಲ್ಲ.

ಇದರ ಬೆಳಕಿನಲ್ಲಿ ಮನೆಯ ಪ್ರಸಂಗವನ್ನು ಮತ್ತೊಮ್ಮೆ ನೋಡಬೇಕು. ಪ್ರೋಷಧೋಪವಾಸದ ಐದು ಅತಿಚಾರಗಳಲ್ಲಿ ಮೂರು, ನೋಡದೆ ಗುಡಿಸದೆ ಇಡುವುದು ತೆಗೆಯುವುದು ಹಾಸುವುದು ಇವುಗಳಿಗೆ ಸಂಬಂಧಿಸಿದವು; ಉಳಿದೆರಡು ಅನಾದರ ಮತ್ತು ಸ್ಮೃತ್ಯನುಪಸ್ಥಾನ, ಅಂದರೆ ಮರೆವು. ತುತ್ತಿನ ಮಾತು ಅವುಗಳಲ್ಲಿ ಇಲ್ಲವೇ ಇಲ್ಲ. ಇದನ್ನು ನೋಡಿ ಉಪವಾಸದಲ್ಲಿ ತಿಂದರೆ ದೋಷವಿಲ್ಲವೆಂದು ಯಾರೂ ತಿಳಿಯಬಾರದು. ತಿಳಿದು ತಿಂದರೆ ಅದು ಅತಿಚಾರದ ಮಿತಿಯನ್ನು ದಾಟಿ ಭಂಗವೇ ಆಗುವುದರಿಂದ ಅಲ್ಲಿ ಹೇಳಿಲ್ಲ. ಚತುರ್ದಶಿಯ ಸಂಜೆ ಹಸಿವು ತಾಳದೆ, ‘ಇರಲಿ, ಯಾರು ನೋಡುತ್ತಾರೆ’ ಎಂದು ಹಾಲು ಕುಡಿದವಳಿಗೂ ಈ ತಾಯಿಗೂ ಹೊಟ್ಟೆಯಲ್ಲಿ ಸೇರಿದ ಹಾಲು ಒಂದೇ. ಆದರೆ ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಸೂತ್ರಕಾರರು ಪ್ರಮತ್ತಯೋಗವನ್ನೇ ಮೊದಲಿಟ್ಟಿದ್ದಾರೆ. ಎಚ್ಚರವಿಲ್ಲದೆ ಮಲಗಿದವಳಲ್ಲಿ ಹಾಲಿನ ವಿಷಯದ ಪ್ರಮಾದವೆಲ್ಲಿ? ಅನಾದರವೆಲ್ಲಿ? ಹೊರಗಿನ ಅಂಶ ಹೋಯಿತೆಂಬುದು ನಿಜ. ಉಪವಾಸ ನಡೆಯಿತೆಂದು ಹೇಳುವುದು ಅಸತ್ಯವಾದೀತು. ಬೇರು ಮಾತ್ರ ಅಲುಗಿಲ್ಲ.

ಸೊಸೆಯ ಕಡೆಯಿಂದಲೂ ಒಂದು ಮಾತು ಹೇಳಬೇಕಾಗಿದೆ, ಏಕೆಂದರೆ ಇಂತಹ ಚರ್ಚೆಗಳಲ್ಲಿ ಆಕೆಯನ್ನು ಯಾರೂ ಕೇಳುವುದಿಲ್ಲ. ಅನ್ನಪಾನನಿರೋಧವು ಅಹಿಂಸೆಯ ಅತಿಚಾರಗಳಲ್ಲಿ ಒಂದೆಂದು ಮೇಲೆ ಬಂದಿತು. ತಾನಾಗಿ ಬಿಟ್ಟವನ ಉಪವಾಸ ತಪಸ್ಸು; ಪರಾಧೀನವಾಗಿ ಮಲಗಿದ ರೋಗಿಗೆ ಇನ್ನೊಬ್ಬರು ಔಷಧಪಾನಗಳನ್ನು ತಡೆದರೆ ಅದು ಯಾವ ಲೆಕ್ಕಕ್ಕೆ ಸೇರುತ್ತದೆಂಬುದನ್ನು ಆ ಹುಡುಗಿ ಶಾಸ್ತ್ರ ಓದದೆಯೇ ತಿಳಿದಿದ್ದಳು. ಆಕೆ ಅತ್ತೆಯ ವ್ರತದ ಬೇಲಿಯನ್ನು ದಾಟಿರಬಹುದು. ಪೈರನ್ನು ಕಾಯುವುದಕ್ಕಾಗಿ ದಾಟಿದಳು.

ಸಮಂತಭದ್ರರ ಜೀವನದ ಬಗ್ಗೆ ಪರಂಪರೆಯಲ್ಲಿ ಬಂದಿರುವ ಕಥೆಯೂ ಇಲ್ಲಿ ನೆನಪಿಗೆ ಬರುತ್ತದೆ. ಎಷ್ಟು ಉಂಡರೂ ಬೂದಿಯಾಗುವ ಭಸ್ಮಕವ್ಯಾಧಿ ಅವರನ್ನು ಹಿಡಿಯಿತು. ಮುನಿಚರ್ಯೆಯಲ್ಲಿದ್ದು ಆ ಹಸಿವನ್ನು ತಣಿಸುವುದು ಅಸಾಧ್ಯವಾದಾಗ ಅವರು ಸಲ್ಲೇಖನೆಗೆ ಅಪ್ಪಣೆ ಕೇಳಿದರು. ಗುರುಗಳು ಒಪ್ಪಲಿಲ್ಲ; ಮುನಿವೇಷವನ್ನು ತೊರೆದು ರೋಗವನ್ನು ಕಳೆದುಕೊಂಡು ಮತ್ತೆ ದೀಕ್ಷೆ ಪಡೆಯುವಂತೆ ಹೇಳಿದರು. ಅವರು ಹಾಗೆಯೇ ಮಾಡಿದರು. 19ನೆಯ ಶತಮಾನದಲ್ಲಿ ದೇವಚಂದ್ರನು ರಚಿಸಿದ ರಾಜಾವಳೀ ಕಥೆಯಲ್ಲಿ ಈ ವೃತ್ತಾಂತ ವಿಸ್ತಾರವಾಗಿದೆ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಅವರು ಭಸ್ಮಕವನ್ನು ಗೆದ್ದುದರ ಉಲ್ಲೇಖವಿದೆ. ಒಂದಕ್ಷರ ಕಡಿಮೆಯಾದ ಮಂತ್ರ ಫಲಿಸದೆಂದು ಬರೆದ ಮಹಾತ್ಮರನ್ನೇ ಪರಂಪರೆಯು ವ್ರತವನ್ನು ಬಿಟ್ಟು ಮತ್ತೆ ಹಿಡಿದವರೆಂದು ಆದರದಿಂದ ಸ್ಮರಿಸುತ್ತದೆ. ಅವರು ಬಿಟ್ಟದ್ದು ವೇಷವನ್ನು. ಶ್ರದ್ಧೆಯೆಂಬ ಅಕ್ಷರ ಒಂದು ದಿನವೂ ಬಿಟ್ಟುಹೋಗಿರಲಿಲ್ಲವೆಂಬುದೇ ಆ ಕಥೆಯ ತಿರುಳು.

ಹಾಗಾದರೆ ಮೊದಲ ವರ್ಷದಿಂದ ಆರಂಭಿಸಬೇಕೆಂಬ ನಾದಿನಿಯ ಮಾತು ಸುಳ್ಳೇ? ಪೂರ್ತಿಯಾಗಿ ಸುಳ್ಳಲ್ಲ. ಸೂತ್ರದಲ್ಲಿ ಪ್ರಾಯಶ್ಚಿತ್ತಗಳು ಒಂಬತ್ತು: ಆಲೋಚನೆ, ಪ್ರತಿಕ್ರಮಣ, ತದುಭಯ, ವಿವೇಕ, ವ್ಯುತ್ಸರ್ಗ, ತಪ, ಛೇದ, ಪರಿಹಾರ, ಉಪಸ್ಥಾಪನೆ. ಛೇದವೆಂದರೆ ದೀಕ್ಷೆಯ ಕಾಲದಲ್ಲಿ ದಿನ, ಪಕ್ಷ, ತಿಂಗಳು ಎಂದು ಒಂದಂಶವನ್ನು ಕಡಿಮೆ ಮಾಡುವುದು. ಉಪಸ್ಥಾಪನೆಯೆಂದರೆ ಮೊದಲಿನಿಂದ ಮತ್ತೆ ದೀಕ್ಷೆ. ಇವು ಮುನಿಗಳನ್ನು ಕುರಿತು ಹೇಳಿದವಾದರೂ ಗೃಹಸ್ಥರಿಗೆ ಇದರಲ್ಲಿ ಕಲಿಯುವುದಿದೆ. ಎಲ್ಲವನ್ನೂ ಮೊದಲಿನಿಂದ ಆರಂಭಿಸುವುದು ಒಂಬತ್ತರಲ್ಲಿ ಕೊನೆಯದು. ಗುರುವಿನೆದುರು ಆದದ್ದನ್ನು ಆದಂತೆ ಹೇಳುವ ಆಲೋಚನೆ ಮೊದಲನೆಯದು. ನಡುವೆ ಏಳು ಮೆಟ್ಟಿಲುಗಳಿವೆ. ನಾದಿನಿ ಒಂದೇ ನೆಗೆತಕ್ಕೆ ಒಂಬತ್ತನೆಯದಕ್ಕೆ ಹೋದಳು, ತಮ್ಮನು ಮೊದಲನೆಯದನ್ನೂ ಹತ್ತಲಿಲ್ಲ. ಮುರಿದ ಅಂಶವನ್ನು ಮುರಿದದ್ದೆಂದು ಒಪ್ಪದೆ ಮುಂದೆ ನಡೆಯುವುದರಲ್ಲಿ ಮಾಯಾಶಲ್ಯದ ಭಯವಿದೆ.

ನೋಂಪಿಗಳಿಗೆ ಉದ್ಯಾಪನೆಯನ್ನು ಇಟ್ಟದ್ದರಲ್ಲಿಯೂ ಅಂಶಾಂಶಿಗಳ ತಿಳಿವು ಅಡಗಿದೆ. ವರ್ಷಗಳು ಒಂದೊಂದಾಗಿ ಕಳೆದ ಮೇಲೆ ಅವೆಲ್ಲವೂ ಒಂದು ಎಂಬುದನ್ನು ದಾನದ ಮೂಲಕ ಕಾಣಿಸುವ ದಿನ ಅದು. ಶಾಂತಿಸೇನನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮಿ ನೋಂಪಿಯ ಉದ್ಯಾಪನೆಯಲ್ಲಿ ಮಹಾಬಂಧದ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳೆಂದು ಆ ಪ್ರತಿಯ ಪ್ರಶಸ್ತಿಯಲ್ಲಿದೆ. ಮೂಡುಬಿದಿರೆಯಲ್ಲಿ ಉಳಿದುಬಂದ ಆ ತಾಳೆಗರಿಗಳಲ್ಲಿ ಕೆಲವು ಹುಳು ತಿಂದು ಮುಕ್ಕಾಗಿದ್ದವು. ಮುಕ್ಕಾದವುಗಳಿಗಾಗಿ ಉಳಿದವನ್ನು ಯಾರೂ ಹೊಳೆಗೆ ಹಾಕಲಿಲ್ಲ. ತ್ರುಟಿತವಾದ ಎಡೆಗಳನ್ನು ತ್ರುಟಿತವೆಂದು ಗುರುತಿಸಿಯೇ ಅದನ್ನು ಮುದ್ರಿಸಿದರು.

ಆ ಗೃಹಿಣಿ ಬಿಟ್ಟುಹೋದ ವರ್ಷವನ್ನು ಕೊನೆಗೆ ಸೇರಿಸಿಕೊಳ್ಳಬೇಕೆ, ಬೇರೊಂದು ಉಪವಾಸದಿಂದ ತುಂಬಿಕೊಳ್ಳಬೇಕೆ ಎಂಬುದು ಆಕೆಯ ಶಕ್ತಿಯನ್ನೂ ವಯಸ್ಸನ್ನೂ ನೋಡಿ ಗುರುಗಳು ಹೇಳಬೇಕಾದದ್ದು. ಅವರ ಮುಂದೆ ಆಲೋಚನೆಗೆ ಕುಳಿತಾಗ ಹಾಲಿನ ವಿಷಯವನ್ನು ಆಕೆ ಹೇಳಿಯೇ ಹೇಳುತ್ತಾಳೆ. ಅದು ಆಕೆಯ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿದೆ. ಅದಕ್ಕಿಂತ ಮೊದಲು ಹೇಳಬೇಕಾದದ್ದು ಇನ್ನೊಂದಿದೆ. ಎಚ್ಚರವಿಲ್ಲದಾಗ ಆದ ಲೋಪಕ್ಕಾಗಿ, ಎಚ್ಚರವಿದ್ದ ಮೂರು ದಿನ ಸೊಸೆಯೊಡನೆ ಮಾತು ಬಿಟ್ಟದ್ದು.